ಮಗಳು ಹಸಿ ಮೆಂತ್ಯ ಮುಟ್ಟದ ದಿನ

ಖಾನಾಪುರದ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಹಸಿರು ಇಳಕಲ್ ಸೀರೆ, ಖಣದ ಕುಬಸ, ಹಸಿರು ಬಳೆ, ಉಡಿ ತುಂಬಲು ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು. ಇನ್ನೊಂದರಲ್ಲಿ ಊಟ. ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯ ಎದುರಿನಾಕೆ ಗೇಟಿನಲ್ಲೇ ನಿಲ್ಲಿಸಿ, "ಎಲ್ಲಿಗ್ರೀ ಅಕ್ಕಾರ, ಇಷ್ಟೆಲ್ಲಾ ಗಂಟ ಕಟಗೊಂಡು?" ಎಂದು ಕೇಳಿದ್ದಳು. "ಬೀಗತಿಗೆ ಮೈಯಾಗ ಆರಾಮಿಲ್ಲಂತ, ನೋಡಕೊಂಡ ಬರತೇನ್ರೀ" ಎಂದಿದ್ದೆ. ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದವಳು, ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ, ಇಂಥ ಸುಳ್ಳು ಹೇಳಿದೆ. ಆದರೆ ಕಳ್ಳಕುಬಸಕ್ಕೆ ಹೊರಟವರು ಖರೇ ಹೇಳುವಂತಿಲ್ಲ.

ನಮ್ಮ ಕಡೆ ಮಗಳು ಬಸುರಾದರೆ ಐದನೆಯ ತಿಂಗಳಿಗೋ ಏಳನೆಯ ತಿಂಗಳಿಗೋ ಓಣಿಯ ಮುತ್ತೈದೆಯರನ್ನೆಲ್ಲ ಕರೆದು ದೊಡ್ಡ ಕುಬಸ ಮಾಡುತ್ತಾರೆ. ಅದಕ್ಕೂ ಮೊದಲು, ಮೂರರಲ್ಲಿ, ತವರಿನವರು ಸದ್ದಿಲ್ಲದೆ ಹೋಗಿ ಒಂದು ಸೀರೆ, ಕುಬಸ ಕೊಟ್ಟು, ಬಾಯಿಗೆ ರುಚಿಯಾದದ್ದನ್ನು ಉಣ್ಣಿಸಿ ಬರುತ್ತಾರೆ. ಅದೇ ಕಳ್ಳಕುಬಸ. ಬಸಿರಿನ ಸುದ್ದಿ ಅಲ್ಲಿಯವರೆಗೂ, ಆಮೇಲೂ ಕೆಲವು ದಿನ, ಎರಡು ಮನೆಗಳ ಹೊಸ್ತಿಲು ದಾಟಬಾರದು. ದೃಷ್ಟಿಯಾಗುತ್ತದೆ ಎನ್ನುತ್ತಾರೆ. ನಾನು ದೃಷ್ಟಿಯನ್ನು ಅಷ್ಟಾಗಿ ನಂಬುವವಳಲ್ಲ. ಬಸವಣ್ಣನ ಹಾದಿಯಲ್ಲಿ ನಡೆಯುವವರು ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮಂದಿಯ ಕಣ್ಣಿಗೆ ಅಂಜುವುದೇನು ಎಂದು ನನ್ನ ತಂದೆ ಬೈಯುತ್ತಿದ್ದರು. ಆದರೆ ಹಿಂದಿನ ವರ್ಷ ಮಗಳು ಮೊದಲ ಸಲ ಬಸುರಾದಾಗ ನಾವು ಸಂತೋಷ ತಡೆಯಲಾರದೆ ಎಲ್ಲರಿಗೂ ಹೇಳಿದ್ದೆವು, ಕುಂದಾ ಹಂಚಿದ್ದೆವು. ಮೂರು ತುಂಬುವುದರೊಳಗೆ ಅದು ಹೋಯಿತು. ಕುಂದಾ ತಿಂದವರೆಲ್ಲ ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿದರು. ಮಗಳು ಪ್ರತಿಯೊಬ್ಬರ ಮುಂದೆಯೂ ಕೂತು, ಹೂಂ ಹೂಂ ಎನ್ನುತ್ತ, ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಹಾಗಾಗಿ ಈ ಸಲ ಬೀಗತಿ, "ಯಾರ ಮುಂದೂ ಪಿಟ್ಟ ಅನ್ನಬ್ಯಾಡ್ರಿ" ಎಂದಾಗ ನಾನು, ನಮ್ಮವರು, ಅಳಿಯ, ಸ್ವತಃ ಮಗಳು, ಎಲ್ಲರೂ ತಲೆಯಾಡಿಸಿದೆವು.

ಮಗಳು ವಿಜ್ಞಾನಿ. ಬೆಳಗಾವಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಮದುವೆಯಾದ ಮೇಲೆ ದಿನಾ ಖಾನಾಪುರದಿಂದ ಬಂದು ಹೋಗುತ್ತಾಳೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾನು "ಹುಳದ ಮ್ಯಾಲ ಏನೋ ಓದತಾಳ್ರೀ" ಎನ್ನುತ್ತಿದ್ದೆ.

"ಹುಳ ಅಲ್ಲವ್ವಾ," ಎಂದು ಅವಳು ತಿದ್ದುತ್ತಿದ್ದಳು. "ಹುಳಾ ಕಣ್ಣಿಗರೆ ಕಾಣತೈತಿ. ಇದು ಒಂದ ಒಂದು ಜೀವಕೋಶ. ಮಂದಿ ಮೈಯಾಗ ಹೊಕ್ಕು, ಅವರ ಅನ್ನಾ ಉಂಡು, ಅಲ್ಲೇ ಬದಕತೈತಿ."

"ಅಂದ್ರ ಮನಿಅಳಿಯಾ ಇದ್ದಂಗ," ಎಂದರು ನಮ್ಮವರು, ಅಳಿಯನ ಎದುರಿಗೇ.

"ಮಾಮಾ, ನಾ ಬರೇ ಐತವಾರ ಉಣ್ಣಾಕ ಬರತೇನ್ರೀ," ಎಂದ ಅಳಿಯ ಪಾಪ.

ಆ ಜೀವಿಯ ಹೆಸರು ಟಾಕ್ಸೊಪ್ಲಾಸ್ಮಾ. ನನ್ನ ನಾಲಿಗೆ ಅದಕ್ಕೆ ಹೊರಳಲು ಬಹಳ ದಿನ ಬೇಕಾಯಿತು. ಬೆಕ್ಕಿನ ಹೇಲಿನಿಂದ ಮಣ್ಣಿಗೆ ಸೇರುತ್ತದಂತೆ, ಮಣ್ಣಿನಿಂದ ಕಾಯಿಪಲ್ಲೆಗೆ, ನೀರಿಗೆ. ಸರಿಯಾಗಿ ಬೇಯಿಸದ ಮಾಂಸದಿಂದಲೂ ಬರುತ್ತದೆ ಎಂದಾಗ ನಾನು ಅದು ನಮ್ಮ ಮನೆಯ ವಿಷಯವಲ್ಲ ಎಂದು ಕಿವಿ ಮುಚ್ಚಿಕೊಂಡಿದ್ದೆ. ಮೈಯೊಳಗೆ ಹೊಕ್ಕರೂ ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. ನಾಲ್ಕು ದಿನ ಜ್ವರ ಬಂದು ಹೋದಂತೆ ಆಗುತ್ತದೆ, ಅಷ್ಟೆ. ಮೈ ಅದನ್ನು ಪೂರ್ತಿ ಹೊರಗೆ ಹಾಕಲಾರದು. ಸುತ್ತ ಗೋಡೆ ಕಟ್ಟಿ, ಜೀವ ಇರುವತನಕ ಕಾವಲು ಕೂರಿಸುತ್ತದೆ. "ಆ ಕಾವಲಿನವ್ರು ಹೆಂಗ ಎಚ್ಚರ ಇರತಾರ, ಯಾವಾಗ ತೂಕಡಸತಾರ, ಅದ ನನ್ನ ಕೆಲಸ" ಎಂದು ಮಗಳು ಹೇಳುತ್ತಿದ್ದಳು. ಜಾಂಬೋಟಿ ಕಡೆಯ ಊರುಗಳಿಗೆ ಹೋಗಿ, ಗದ್ದೆಯಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಕೇಳಿ ಒಪ್ಪಿಸಿ, ಅವರ ರಕ್ತ ತಂದು ನೋಡುತ್ತಿದ್ದಳು. ಅಲ್ಲದೆ ಇಲಿಗಳಿಗೆ ಆ ಜೀವಿಯನ್ನು ಚುಚ್ಚಿ ನೋಡುತ್ತಿದ್ದಳು.

"ಇಲಿಗೆ ಚುಚ್ಚತೀಯಲ್ಲ, ಪಾಪ ಅನಸೂದಿಲ್ಲೇನ?" ಎಂದು ಒಮ್ಮೆ ಕೇಳಿದ್ದೆ.

"ದಿನಾ ಅನಸತೈತಿ" ಎಂದಳು. ಅಷ್ಟೇ ಹೇಳಿ ಎದ್ದು ಹೋದಳು.

ಬಸುರಿಯ ಮೈಯಲ್ಲಿ ಕಾವಲು ಸ್ವಲ್ಪ ಸಡಿಲವಾಗಿರುತ್ತದೆ ಎಂದು ಅವಳು ಹೇಳಿದ್ದು ಮಾತ್ರ ನನಗೆ ಬಹಳ ಹಿಡಿಸಿತ್ತು. ಹಾಗೆ ಸಡಿಲವಾಗದಿದ್ದರೆ ಹೊಟ್ಟೆಯ ಕೂಸನ್ನೂ ಯಾರೋ ಪರಕೀಯ ಎಂದು ಮೈ ಹೊರಗೆ ತಳ್ಳುತ್ತದಂತೆ. ಎಂಥ ದಯೆ ಶಿವನದು, ತಾಯಿಯ ಮೈಗೇ ಬುದ್ಧಿ ಕೊಟ್ಟಿದ್ದಾನಲ್ಲ ಎಂದು ಅವತ್ತು ಕೈ ಮುಗಿದಿದ್ದೆ. ಆ ದಯೆಯೇ ಮುಂದೆ ನನ್ನ ನಿದ್ದೆ ಕೆಡಿಸುತ್ತದೆ ಎಂದು ಗೊತ್ತಿರಲಿಲ್ಲ.

ಕಳ್ಳಕುಬಸದ ದಿನ ಬೀಗತಿ ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಬರ್ರಿ, ಬಾಜು ಮನಿ ಮಾವಶಿ ನೋಡೂದ್ರೊಳಗ ಒಳಗ ಬರ್ರಿ," ಎಂದು ನನ್ನನ್ನು ಎಳೆದುಕೊಂಡು ಬಾಗಿಲು ಮುಂದೆ ಮಾಡಿದರು. ಖಾನಾಪುರದಲ್ಲೇ ಹುಟ್ಟಿ ಖಾನಾಪುರಕ್ಕೇ ಸೊಸೆಯಾದವರು. ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ.

ತಾಟು ಹಚ್ಚಿದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಕರಚಿಕಾಯಿ. ಬಾಜುವಿಗೆ ಹಸಿ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು. ಹಲಸಿ ಹತ್ತಿರದ ನನ್ನ ತವರಿನಲ್ಲಿ ಭತ್ತ ಕೊಯ್ದ ಮೇಲೆ ಬಾವಿಯ ಹತ್ತಿರದ ಮಡಿಯಲ್ಲಿ ಮೆಂತ್ಯ ಹಾಕುತ್ತಾರೆ. ಅಕ್ಕನ ಮಗಳಿಗೆ ಬೇಕಾಗುತ್ತದೆ ಎಂದು ನನ್ನ ತಮ್ಮ ಹಿಂದಿನ ದಿನವೇ ಕಟ್ಟು ಕಳಿಸಿದ್ದ. ಮಗಳಿಗೆ ಅದೆಂದರೆ ಜೀವ. ಸಣ್ಣವಳಿದ್ದಾಗ ಅಜ್ಜಿಯ ಊರಿಗೆ ಹೋದರೆ ಮಡಿಯಲ್ಲೇ ಕೂತು, ಕಿತ್ತು, ಲಂಗಕ್ಕೆ ಒರೆಸಿ ತಿನ್ನುತ್ತಿದ್ದಳು.

ಅವಳು ರೊಟ್ಟಿ ಮುರಿದಳು, ಎಣ್ಣೆಗಾಯಿ ಹಚ್ಚಿಕೊಂಡಳು. ಮೆಂತ್ಯವನ್ನು ಬೆರಳಿನಿಂದ ತಾಟಿನ ಅಂಚಿಗೆ ಸರಿಸಿದಳು.

"ಯಾಕ ತಂಗಿ, ವಾಸನಿ ಬರತೈತೇನ?"

"ಇಲ್ಲವ್ವಾ. ಬ್ಯಾಡ ಅನಸತೈತಿ."

"ನಿಮ್ಮ ಮಾಮಾ ಇದಕ್ಕಂತನ..."

"ಬ್ಯಾಡಂದ್ನೆಲ್ಲ!" ಎಂದಳು. ಅವಳು ನನಗೆ ಹಾಗೆ ಒದರಿದವಳಲ್ಲ. ಬೀಗತಿ ಹುಬ್ಬು ಏರಿಸಿ, "ಬಸರಿ ಹೆಂಗಸಿನ ಸಿಟ್ಟ ಬಿಡ್ರಿ, ನಾನೂ ಇವನ್ನ ಹೊತ್ತಾಗ ನಮ್ಮ ಅತ್ತಿಗೆ ತಂಬಗಿ ಒಗದಿದ್ದೆ," ಎಂದು ನಕ್ಕು ಚಹಾ ಇಡಲು ಹೋದರು.

ಹಿತ್ತಲಲ್ಲಿ ಕೈ ತೊಳೆಯುವಾಗ ಮಗಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು. "ಅವ್ವಾ, ಒಂದ ಮಾತ ಹೇಳತೇನಿ. ಅತ್ತಿಗೆ ಹೇಳಬ್ಯಾಡ. ಅವರಿಗೂ ಹೇಳಿಲ್ಲಿನ್ನ." ಅವರು ಎಂದರೆ ಅಳಿಯ. "ಮೂರ ವಾರದ ಹಿಂದ ಇಲಿಗೆ ಚುಚ್ಚೂವಾಗ ಅದು ಝಾಡಿಸಿಕೊಳ್ತು. ಸೂಜಿ ಗ್ಲೌಸ್ ಹರಕೊಂಡು ನನ್ನ ಬೆರಳಿಗೆ ತಾಕಿತು."

"ರಕ್ತ ಬಂತ?"

"ಒಂದ ಹನಿ. ತೊಳದೆ, ಔಷಧಾ ಹಚ್ಚಿದೆ."

ನಾನು ಅವಳ ಬೆರಳು ಹಿಡಿದು ನೋಡಿದೆ. ಏನೂ ಇರಲಿಲ್ಲ. ಮಲ್ಲಿಗೆ ಕಟ್ಟುವಾಗ ಸೂಜಿ ತಾಗಿದ್ದರೆ ಅದಕ್ಕಿಂತ ದೊಡ್ಡ ಕಲೆ ಉಳಿಯುತ್ತಿತ್ತು. "ನಿಮ್ಮ ಲ್ಯಾಬಿನ ಮೇಡಂಗ ಹೇಳಿದೇನ?"

"ಹೇಳಿದ್ರ ಅವರು ಮೊದಲ ಕೇಳೂದ ಅದನ್ನ. ಬಸುರ ಅದೀ ಏನು ಅಂತ. ಸುಳ್ಳ ಹೇಳಬೇಕಾಗತಿತ್ತು. ಅದಕ್ಕ ಗಪ್ಪ ಕುಂತೆ." ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಹೇಳಿದಳು: "ಬಸುರಿದ್ದವರು ಅದನ್ನ ಮುಟ್ಟಬಾರದು ಅಂತ ಅಲ್ಲಿ ನಿಯಮನ ಐತಿ. ಬ್ಯಾರೆ ಕೆಲಸಾ ಕೊಡ್ರಿ ಅಂತ ಕೇಳಿದ್ರೂ ಎಲ್ಲಾರಿಗೂ ತಿಳೀತಿತ್ತು. ಐದರಾಗ ಹೇಳಿದ್ರಾತು ಅನಕೊಂಡೆ."

ಆಮೇಲೆ ಅವಳು ನನಗೆ ಎಲ್ಲ ಬಿಡಿಸಿ ಹೇಳಿದಳು, ಸಾಲಿ ಹುಡುಗರಿಗೆ ಪಾಠ ಹೇಳುವಂತೆ ಸಾವಕಾಶವಾಗಿ. ಅದು ಹೊಸದಾಗಿ ಬಸುರಿಯ ಮೈ ಹೊಕ್ಕರೆ, ಕಾವಲು ನಿಲ್ಲುವ ಮೊದಲೇ ಹೊಕ್ಕುಳ ಹಾದಿ ಹಿಡಿದು ಕೂಸಿಗೆ ಹೋಗಬಹುದು. ಕೂಸು ಉಳಿಯದೇ ಇರಬಹುದು. ಉಳಿದರೆ ಕಣ್ಣಿಗೆ, ಮೆದುಳಿಗೆ ಆಗಬಹುದು. ಆದರೆ ಎಷ್ಟೋ ವರ್ಷದ ಹಿಂದೆಯೇ ಒಮ್ಮೆ ಬಂದಿದ್ದರೆ ಕಾವಲು ಆಗಲೇ ನಿಂತಿರುತ್ತದೆ, ಕೂಸಿನವರೆಗೆ ಹೋಗಲು ಬಿಡುವುದಿಲ್ಲ.

"ಹಂಗಾದ್ರ ನಿನಗ ಯಾವಾಗೋ ಬಂದಿರಬೇಕಲ," ಎಂದೆ. "ಅಜ್ಜಿ ಮನಿಯಾಗ ಬೆಕ್ಕಿನ ಜೋಡಿನ ಮಲಗತಿದ್ದಿ."

"ಬಂದಿದ್ರ ನನ್ನ ಪುಣ್ಯ. ಬಂದಿತ್ತೋ ಇಲ್ಲೋ ಯಾರಿಗ ಗೊತ್ತು? ಗೊತ್ತಿಲ್ಲದಾಗ ಒಂದ ಎಲಿನೂ ನುಂಗಾಕ ಆಗವಲ್ದವ್ವಾ."

ಒಳಗೆ ಬಂದು ಉಡಿ ತುಂಬಿದೆ. ಅಕ್ಕಿ ಅರ್ಧ ಅವಳ ಸೆರಗಿಗೆ ಬಿತ್ತು, ಅರ್ಧ ನೆಲಕ್ಕೆ.

"ಯಾಕ್ರೀ ಬೀಗರ, ಅಕ್ಕಿ ಎಲ್ಲಾ ನೆಲಕ್ಕ ಚೆಲ್ಲಾಕತ್ತೀರಲ್ಲ?"

"ಥಂಡಿಗೆ ಕೈ ಸೆಟದಾವರೀ" ಎಂದೆ. ಅವತ್ತಿನ ಎರಡನೆಯ ಸುಳ್ಳು.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿ ಬಾಜು ಜಾಗ ಸಿಕ್ಕಿತು. ಶಿವಾ, ಇದೊಂದು ಸಣ್ಣ ಉಪಕಾರ ಎಂದುಕೊಂಡು ಸೆರಗು ಮುಖಕ್ಕೆ ಎಳೆದುಕೊಂಡು ಕೂತೆ. ಬೆಳಗಾವಿಯ ನಿಲ್ದಾಣ ಬಂದದ್ದೇ ತಿಳಿಯಲಿಲ್ಲ. ಕಂಡಕ್ಟರ್ ಕರೆದು ಇಳಿಸಿದ.

ಮರುದಿನ ಮಗಳನ್ನು ಕರೆಸಿಕೊಂಡು ಅವಳನ್ನು ನೋಡುತ್ತಿದ್ದ ಡಾಕ್ಟರಬಾಯಿಯ ಹತ್ತಿರ ಹೋದೆವು. ನಮ್ಮವರಿಗೆ ಹಿಂದಿನ ಸಂಜೆಯೇ ಹೇಳಿದ್ದೆ. ಮಗಳು ಅಳಿಯನಿಗೂ ಹೇಳಿದ್ದಳು. ಬೀಗತಿಗೆ ಮಾತ್ರ ಬೆಳಗಾವಿಯಲ್ಲಿ ಕೆಲಸ ಹೆಚ್ಚಿದೆ, ನಾಲ್ಕು ದಿನ ತವರಿನಲ್ಲೇ ಇರುತ್ತೇನೆ ಎಂದಿದ್ದಳು. ಡಾಕ್ಟರಬಾಯಿ ಬೈಯಲಿಲ್ಲ. ಅದೂ ಒಂದು ಉಪಕಾರ. ರಕ್ತ ತೆಗೆಸಿದರು.

ಫಲಿತಾಂಶ ಬಂದಾಗ ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಇಂಥ ಜೀವಿ ಹೊಕ್ಕಾಗ ರಕ್ತ ಎರಡು ಬಗೆಯ ಉತ್ತರ ಕೊಡುತ್ತದೆ. ಮೊದಲನೆಯದು ಕೂಡಲೇ ಬಂದು ಕೆಲವು ತಿಂಗಳಿಗೆ ಹೋಗುತ್ತದೆ. ಎರಡನೆಯದು ಆಮೇಲೆ ಬಂದು ಸಾಯುವತನಕ ಉಳಿಯುತ್ತದೆ. ಎರಡನೆಯದು ಮಾತ್ರ ಇದ್ದರೆ ಹಳೆಯ ಸೋಂಕು, ಹೆದರಿಕೆ ಇಲ್ಲ. ನನ್ನ ಮಗಳ ರಕ್ತದಲ್ಲಿ ಎರಡೂ ಇದ್ದವು.

"ಮೊದಲನೇದು ಕೆಲವೊಬ್ಬರಿಗೆ ವರ್ಷಗಟ್ಟಲೆ ಹಂಗ ಉಳೀತದರೀ," ಎಂದರು ಡಾಕ್ಟರಬಾಯಿ. "ಹಂಗಾಗಿ ಇದರ ಮ್ಯಾಲ ಹೊಸಾದು ಅಂತನೂ ಹೇಳಾಕಾಗೂದಿಲ್ಲ, ಹಳೇದು ಅಂತನೂ ಹೇಳಾಕಾಗೂದಿಲ್ಲ. ಇನ್ನೊಂದ ಪರೀಕ್ಷಾ ಅದ. ಹೊರಗಿನ ಊರಿಗೆ ಕಳಸಬೇಕು, ತಡಾ ಆಗತದ. ಅಲ್ಲೀತನಕ ಈ ಗುಳಗಿ ತಪ್ಪಸಬ್ಯಾಡ."

ಮಗಳು ಪ್ರಶ್ನೆ ಕೇಳಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು. ಏನೂ ತಿಳಿಯದ ನನ್ನಂಥವಳು ಡಾಕ್ಟರ ಮುಖ ನೋಡಿ ಧೈರ್ಯ ತಂದುಕೊಳ್ಳಬಹುದು. ಅವಳು ಯಾರ ಮುಖ ನೋಡಬೇಕು? ಆಟೋದಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಜಾಂಬೋಟಿ ಹೆಣ್ಣಮಕ್ಕಳಿಗೆ ನಾನ ಹೇಳತಿದ್ದೆ, ಇದರಾಗ ಅಂಜೂದೇನಿಲ್ಲರೀ, ಬರೇ ರಕ್ತ ಅಂತ."

ಕಾಯುವ ದಿನಗಳು ಹೇಗೆ ಹೋದವು ಎಂದು ಕೇಳಬಾರದು. ಬಾಜುವಿನವರ ಬೆಕ್ಕು ನಮ್ಮ ಕಂಪೌಂಡ್ ಮೇಲೆ ಬಿಸಿಲು ಕಾಯಿಸುತ್ತ ಕೂರುತ್ತಿತ್ತು. ಅದಕ್ಕೆ ಎಷ್ಟೋ ಸಲ ಹಾಲು ಹಾಕಿದವಳೇ ಕಸಬರಿಗೆ ತೆಗೆದುಕೊಂಡು ಅಟ್ಟಿಸಿಕೊಂಡು ಹೋದೆ. ಕೋತಂಬರಿಯನ್ನು ಅದರ ವಾಸನೆ ಹೋಗುವಷ್ಟು ತೊಳೆದೆ. "ಕೋತಂಬರಿ ಒಗದ ದಾರದ ಮ್ಯಾಲ ಹಾಕು, ಇಸ್ತ್ರಿ ನಾ ಮಾಡತೇನಿ," ಎಂದರು ನಮ್ಮವರು. ಮಗಳನ್ನು ನಗಿಸಲು ಹಾಗೆ ಅಂದಿದ್ದು. ಆಮೇಲೆ ಹಿತ್ತಲಿಗೆ ಹೋಗಿ ಒಬ್ಬರೇ ನಿಂತಿದ್ದರು. ಮುಂಜಾನೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತರೆ ದೃಷ್ಟಿ ನಿಲ್ಲುತ್ತಿರಲಿಲ್ಲ. ಎಷ್ಟು ವರ್ಷದ ಅಭ್ಯಾಸ ನನಗೆ, ಕೂತ ಕೂಡಲೇ ಮನಸ್ಸು ನಿಲ್ಲುತ್ತಿತ್ತು. ಈಗ ಲಿಂಗದ ಕರಿ ಹೊಳಪಿನಲ್ಲಿ ನನಗೆ ಕೂಸಿನ ಕಣ್ಣು ಕಾಣುತ್ತಿತ್ತು. ನೋಡುತ್ತಿದೆಯೋ ಇಲ್ಲವೋ ತಿಳಿಯದ ಕಣ್ಣು. ಸುಮ್ಮನೆ ಮುಷ್ಟಿ ಮುಚ್ಚಿ ಎದೆಗೆ ಒತ್ತಿಕೊಂಡು ಏಳುತ್ತಿದ್ದೆ.

ಒಂದು ಮುಂಜಾನೆ ಮಗಳು ಚಹಾ ಬಟ್ಟಲು ಹಿಡಿದುಕೊಂಡೇ, "ನನ್ನ ಹಳೇ ರಕ್ತ ಐತವ್ವಾ" ಎಂದಳು. ನನಗೆ ಅರ್ಥವಾಗಲಿಲ್ಲ. ಆ ಸಂಸ್ಥೆಗೆ ಕೆಲಸಕ್ಕೆ ಸೇರಿದವರ ರಕ್ತ ಮೊದಲ ದಿನವೇ ತೆಗೆದು, ಅದರ ತಿಳಿಯನ್ನು ಸಣ್ಣ ನಳಿಕೆಯಲ್ಲಿ ಹಾಕಿ, ಹೆಪ್ಪುಗಟ್ಟುವ ಥಂಡಿಯಲ್ಲಿ ಇಟ್ಟಿರುತ್ತಾರಂತೆ. ಮುಂದೆ ಏನಾದರೂ ಆದರೆ ಹೋಲಿಸಿ ನೋಡಲಿಕ್ಕೆ. ಅವಳದ್ದೂ ಇತ್ತು, ಮದುವೆಗೂ ಮೊದಲಿನದು, ಅವಳು ಆ ಜೀವಿಯನ್ನು ಮುಟ್ಟುವುದಕ್ಕಿಂತ ಮೊದಲಿನದು. ಅದನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಅದರಲ್ಲಿ ಎರಡನೆಯ ಉತ್ತರ ಸಿಕ್ಕರೆ ಸೋಂಕು ಹಳೆಯದು, ಕೂಸು ಪಾರು. ಸಿಗದಿದ್ದರೆ ಅದು ಆಮೇಲೆ ಬಂದದ್ದು. ಬಹುಶಃ ಆ ಸೂಜಿಯಿಂದಲೇ.

"ಮತ್ತ ಯಾಕ ಕುಂತಿ? ನಡಿ!"

"ಅದನ್ನ ತಗೀಬೇಕಂದ್ರ ಮೇಡಂ ಅಪ್ಪಣಿ ಬೇಕು. ಅವರಿಗೆ ಎಲ್ಲಾ ಹೇಳಬೇಕಾಗತೈತಿ." ಅವಳು ಬಟ್ಟಲು ಕೆಳಗಿಟ್ಟಳು. "ಸಿಗದಿದ್ರ ಏನ ಮಾಡೂದವ್ವಾ? ಈಗರೆ ಒಂದೀಟ ಆಸೆ ಐತಿ."

ಅದೇ ಹೊತ್ತಿಗೆ ಬೀಗತಿ ಬಂದರು. ಮೊದಲ ಬಸ್ಸಿಗೇ ಹೊರಟಿದ್ದರು. ಅಳಿಯ ತಾಯಿಯ ಮುಂದೆ ಬಹಳ ದಿನ ಸುಳ್ಳು ನಿಭಾಯಿಸುವವನಲ್ಲ. ಚಪ್ಪಲಿ ಬಿಡುವಾಗಲೇ ಶುರುಮಾಡಿದರು: "ನಾ ಏನ ಪರಕೀ ಅದೇನಿ? ನನ್ನ ಮನ್ಯಾಗಿನ ಕೂಸಿನ ಸುದ್ದಿ ನನಗ ಕಡೀಕ!" ನಾನು ನೀರು ಕೊಟ್ಟೆ. ಕುಡಿಯಲಿಲ್ಲ. ಎಲ್ಲ ಕೇಳಿದ ಮೇಲೆ ಸೊಸೆಯ ತಲೆ ಸವರಿದರು. ಆಮೇಲೆ ಗಟ್ಟಿಯಾಗಿ, "ಮೇಡಂಗೆ ಹೇಳೂದ ಬ್ಯಾಡ. ಹೊರಗಿನ ಊರಿಂದ ಹೆಂಗೂ ಬರತೈತಲ್ಲ, ಕಾಯೂಣು. ಹೋದ ಸಲಾ ಹೇಳಿ ಏನಾತು ನೋಡಿದಿರಿಲ್ಲ?" ಎಂದರು.

ನಾನು ಬೀಗತಿಗೆ ಎದುರು ಮಾತಾಡಿದವಳಲ್ಲ. ಹೆಣ್ಣು ಕೊಟ್ಟವರು ತಗ್ಗಿ ನಡೆಯಬೇಕು ಎಂದೇ ಬೆಳೆದವಳು. ಆದರೆ ಅವತ್ತು ಹೇಳಿದೆ: "ಹೋದ ಸಲಾ ಎಲ್ಲಾರಿಗೂ ಹೇಳಿದ್ವಿ, ಹೋತು. ಈ ಸಲಾ ಯಾರಿಗೂ ಹೇಳಲಿಲ್ಲ, ಹಿಂಗಾತು. ಹೇಳೂದು ಬಿಡೂದರ ಮ್ಯಾಲ ಕೂಸ ನಿಂತಿಲ್ಲರೀ ಬೀಗರ. ಶಿವಾ ನಿಲ್ಲಸಿದ್ರ ನಿಲ್ಲತೈತಿ. ನಾವು ಕಣ್ಣ ಮುಚಗೊಂಡ ಕುಂದ್ರೂದು ಭಕ್ತಿ ಅಲ್ಲ."

ಅವರು ನನ್ನನ್ನೇ ನೋಡಿದರು. ಆಮೇಲೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರು. "ಮತ್ತ ನಿಂತೀರಿ? ರಿಕ್ಷಾ ಕರೀರಿ."

ಆ ಸಂಸ್ಥೆಯ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಉದ್ದನೆಯ ಪಡಸಾಲೆ, ಫಿನಾಯಿಲ್ ವಾಸನೆ. ಬೀಗತಿ ನನ್ನ ಕಿವಿಯಲ್ಲಿ, "ಇಲಿ ಎಲ್ಲಿ ಇಟ್ಟಾರ್ರೀ?" ಎಂದು ಕೇಳುತ್ತ ಸೀರೆಯ ನಿರಿಗೆ ಎತ್ತಿ ಹಿಡಿದು ನಡೆಯುತ್ತಿದ್ದರು.

ಮೇಡಂ ಧಾರವಾಡ ಕಡೆಯವರು, ನನಗಿಂತ ವಯಸ್ಸಿನಲ್ಲಿ ಸಣ್ಣವರು. ಮಗಳು ನಿಂತುಕೊಂಡೇ ಎಲ್ಲ ಹೇಳಿದಳು. ಅವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು. "ನನಗ್ಯಾಕ ಹೇಳಲಿಲ್ಲ ನೀ? ಚುಚ್ಚಿದ ದಿವಸನ ಹೇಳಿದ್ದರ ಅವತ್ತ ನೋಡತಿದ್ದೆ. ಅಷ್ಟು ಓದೀದಿ, ಓದಿಸೀದಿ, ಇದೊಂದು ತಿಳೀಲಿಲ್ಲ?" ಮಗಳು ಕಾಲಿನ ಹೆಬ್ಬೆರಳು ನೋಡಿದಳು. ಆ ನೋಟ ನನಗೆ ಗೊತ್ತಿತ್ತು.

ನಾನು ಕೈ ಮುಗಿದೆ. "ಮೇಡಂ, ಆಕಿ ಒಬ್ಬಾಕಿದಲ್ಲರೀ. ಮನಿಮಂದಿ ಎಲ್ಲಾರೂ ಕೂಡಿ ಬಾಯಿ ಕಟ್ಟಿದ್ವಿ. ಹೋದ ವರ್ಷ ಒಂದ ಹೋಗೇತ್ರೀ."

ಮೇಡಂ ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟರು. "ಸೇರಿದಾಗನ ಆ ರಕ್ತ ಪರೀಕ್ಷಾ ಮಾಡಿಸಿ ಇಡಬೇಕಾಗಿತ್ತು," ಎಂದರು. "ಅದು ನಂದೂ ತಪ್ಪದ. ಕುಂದರ್ರಿ ನೀವು. ನಾನ ಮಾಡತೇನಿ."

ಮಗಳನ್ನು ಒಳಗೆ ಬಿಡಲಿಲ್ಲ. ಮೂವರೂ ಪಡಸಾಲೆಯ ಬೆಂಚಿನಲ್ಲಿ ಕೂತೆವು. ಬೆಂಚಿಗೆ ಬೆನ್ನು ಆನಿಸಲು ಹಿಂಬದಿ ಇತ್ತು, ಮೇಲೆ ಫ್ಯಾನ್ ಇರಲಿಲ್ಲ, ಥಂಡಿ ದಿನ, ಬೇಕೂ ಇರಲಿಲ್ಲ. ಇಂಥವನ್ನೆಲ್ಲ ಒಂದೊಂದಾಗಿ ಎಣಿಸುತ್ತಿದ್ದೆ. ಬೇರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಯಾರೋ ಚಹಾ ತಂದುಕೊಟ್ಟರು. ಬೀಗತಿ ಮಗಳ ಎಡಗೈ ಹಿಡಿದಿದ್ದರು, ನಾನು ಬಲಗೈ. ಮಗಳ ಅಂಗೈ ಬೆವರಿತ್ತು. ಒಳಗೆ ಏನು ನಡೆಯುತ್ತಿದೆ ಎಂದು ಅವಳು ಹೇಳುತ್ತಲೇ ಇದ್ದಳು: ಈಗ ನಳಿಕೆ ಕರಗಿರುತ್ತದೆ, ಈಗ ತಟ್ಟೆಗೆ ಹಾಕಿರುತ್ತಾರೆ, ಈಗ ತೊಳೆಯುತ್ತಿರುತ್ತಾರೆ. ಕಡೆಗೆ ಬೀಗತಿ, "ಸಾಕ ಮಾಡವಾ. ನೀ ಹೇಳಿದಷ್ಟೂ ನನ್ನ ಜೀವಾ ಹೋಗಾಕತ್ತೇತಿ," ಎಂದರು. ನನ್ನ ಕೈ ಕುಪ್ಪಸದ ಮೇಲಿಂದಲೇ ಲಿಂಗ ಹಿಡಿದಿತ್ತು. ಶಿವಾ, ಹಳೆಯದಾಗಿರಲಿ. ರೋಗ ಬಂದಿರಲಿ ಎಂದು ನಾನು ಬೇಡಿಕೊಂಡದ್ದು ಜನ್ಮದಲ್ಲಿ ಅದೊಂದೇ ಸಲ. ನನ್ನ ಕೂಸಿಗೆ ಸಣ್ಣವಳಿದ್ದಾಗಲೇ ರೋಗ ಬಂದಿರಲಿ, ನನಗೆ ಗೊತ್ತಾಗದೇ ಬಂದಿರಲಿ.

ಮಧ್ಯಾಹ್ನ ದಾಟಿದ ಮೇಲೆ ಬಾಗಿಲಿನ ಗಾಜಿನ ಆಚೆ ಮೇಡಂ ಕಂಡರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ, ಪಡ್ಡಿನ ಹಂಚಿನ ಹಾಗೆ ತುಂಬ ಗುಳಿಗಳು, ಆದರೆ ಒಂದೊಂದು ಗುಳಿ ಕಡಲೆ ಕಾಳಿನಷ್ಟು. ಕೆಲವು ಗುಳಿಗಳಲ್ಲಿ ನೀರಿನಂಥ ನೀರು, ಕೆಲವುಗಳಲ್ಲಿ ಅರಿಷಿಣ ಕಲಸಿದಂತೆ ಹಳದಿ. ಅವರು ಗಾಜಿನ ಹತ್ತಿರ ಹಿಡಿದು ಬೆರಳಿಟ್ಟು ತೋರಿಸಿದರು. ನನಗೇನೂ ತಿಳಿಯಲಿಲ್ಲ. ಮಗಳಿಗೆ ತಿಳಿಯಿತು. ಅವಳ ಕೈ ನನ್ನ ಕೈಯಲ್ಲಿ ಒಮ್ಮೆಲೇ ಸಡಿಲವಾಯಿತು, ಮೈಯೆಲ್ಲ ಬೆಂಚಿನ ಮೇಲೆ ಜಾರಿತು. ನಾನು ಮುಗಿಯಿತು ಎಂದೇ ತಿಳಿದೆ.

"ಅಯ್ಯ ಶಿವನ!" ಎಂದೆ.

"ಹಳದಿ ಐತವ್ವಾ," ಎಂದಳು. "ಹಳೇ ರಕ್ತಾನೂ ಹಳದಿ ಐತಿ."

ಮೇಡಂ ಹೊರಗೆ ಬಂದರು. "ಸೇರೂಕಿಂತಾ ಮೊದಲ ಬಂದದರೀ. ಸೂಜಿದಲ್ಲ ಇದು. ಸಣ್ಣಾಕಿದ್ದಾಗ ಎಲ್ಲೋ ಮಣ್ಣಾಗ, ಕಾಯಿಪಲ್ಲೆದಾಗ ಬಂದಿರಬೇಕು. ಕಾವಲು ಎಂದೋ ನಿಂತದ." ಆಮೇಲೆ ಮಗಳಿಗೆ, "ನಾಳೆಯಿಂದ ನೀ ಆ ಖೋಲಿಗೆ ಕಾಲ ಇಟ್ಟೀ ಅಂದ್ರ ನೋಡು," ಎಂದರು.

ಬೀಗತಿ ಮೇಡಂನ ಕೈ ಹಿಡಿದು ಹಣೆಗೆ ಒತ್ತಿಕೊಂಡು ಮರಾಠಿಯಲ್ಲಿ ಏನೇನೋ ಹೇಳಿದರು. ಮಗಳು ಅಳುತ್ತ ನಗುತ್ತ, "ಅವ್ವಾ, ಅಜ್ಜಿ ಮನಿ ಬೆಕ್ಕಿಗೊಂದು ಕುಬಸಾ ಹೊಲಸೂಣು" ಎಂದಳು.

ನಾನು ನಗಲಿಲ್ಲ. ಅವಳ ಕೈಯನ್ನು ಮತ್ತೆ ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಹೊರಗಿನ ಊರಿನ ವರದಿಯೂ ಅದನ್ನೇ ಹೇಳಿತು. ಡಾಕ್ಟರಬಾಯಿ ಗುಳಿಗೆ ನಿಲ್ಲಿಸಿದರು. ಆದರೂ ಸೂಜಿ ತಾಗಿದ್ದು ಸುಳ್ಳಲ್ಲವಲ್ಲ, ಕಣ್ಣಿಟ್ಟಿರೋಣ ಎಂದರು. ಆ ಒಂದು ಮಾತು ನನಗೆ ಸಾಕಾಯಿತು. ಪ್ರತಿ ಸಲ ಹೊಟ್ಟೆಯ ಚಿತ್ರ ತೆಗೆಯುವಾಗಲೂ ಕೂಸಿನ ತಲೆ ಸರಿಯಾಗಿದೆ ಎಂದು ಅವರು ಹೇಳುವವರೆಗೆ ನನ್ನ ಉಸಿರು ಅರ್ಧದಲ್ಲೇ ಇರುತ್ತಿತ್ತು. ಏಳರಲ್ಲಿ ದೊಡ್ಡ ಕುಬಸ ಆಯಿತು. ಎದುರು ಮನೆಯಾಕೆ, "ನಿಮ್ಮ ಬೀಗತಿಗೆ ಆರಾಮಿಲ್ಲಂದಿದ್ರಿ, ಗುಂಡಕಲ್ಲ ಇದ್ದಂಗ ಅದಾರಲ್ಲ!" ಎಂದು ಮಂದಿಯ ನಡುವೆ ಚುಚ್ಚಿದಳು. ಬೀಗತಿ ಬಿಡಲಿಲ್ಲ. "ನಮ್ಮ ಬೀಗರ ಕೈಯಾಗಿನ ಊಟಾ ಉಂಡ ಆರಾಮ ಆತರೀ" ಎಂದರು.

ಹೆಣ್ಣು ಹುಟ್ಟಿತು. ದೊಡ್ಡ ಕಣ್ಣು. ಎಲ್ಲರೂ ಯಾರ ಹಾಗಿವೆ ಎಂದು ನೋಡಿದರು. ನಾನು ದೀಪದ ಕಡೆ ತಿರುಗುತ್ತವೆಯೇ ಎಂದು ನೋಡಿದೆ. ಕೂಸಿನ ರಕ್ತ ತೆಗೆದರು. ಮೊದಲನೆಯ ಉತ್ತರ ಇಲ್ಲ, ಎರಡನೆಯದು ಇದೆ ಎಂದಾಗ ನಾನು ಗೋಡೆ ಹಿಡಿದುಕೊಂಡೆ. ಹಾಸಿಗೆಯಲ್ಲಿ ಮಲಗಿದ್ದ ಮಗಳೇ ನನಗೆ ಸಮಾಧಾನ ಹೇಳಿದಳು: "ಅದು ಕೂಸಿಂದಲ್ಲವ್ವಾ, ನಂದು. ಹೊಟ್ಟಿಯಾಗಿದ್ದಾಗ ನನ್ನ ಕಾವಲಿನವ್ರನ್ನ ಆಕಿಗೆ ಕೊಟ್ಟ ಕಳಿಸೇನಿ. ವರ್ಷ ತುಂಬೂದ್ರಾಗ ತಾವ ಹೋಗತಾರ. ಹೋದ್ರ ಆಕಿಗೆ ಏನೂ ಆಗಿಲ್ಲಂತ ಅರ್ಥ." ಹೋಗದಿದ್ದರೆ ಎಂದು ನಾನು ಕೇಳಲಿಲ್ಲ.

ಈಗ ಕೂಸು ಕೂರುತ್ತದೆ, ಅಂಬೆಗಾಲಿಡುತ್ತದೆ. ಕಳೆದ ಸಲದ ಪರೀಕ್ಷೆಯಲ್ಲಿ ಆ ಗುರುತು ಬಹಳ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಇನ್ನೊಂದು ಪರೀಕ್ಷೆ ಉಳಿದಿದೆ. ಹೆಚ್ಚುಕಡಿಮೆ ಹೋದಂತೆಯೇ ಎನ್ನುತ್ತಾರೆ ಡಾಕ್ಟರಬಾಯಿ. ಆ ಹೆಚ್ಚುಕಡಿಮೆಯಲ್ಲೇ ನನ್ನ ಮುಂಜಾನೆಗಳು ಹೋಗುತ್ತಿವೆ. ಪೂಜೆಗೆ ಕೂತರೆ ಕೂಸು ಬಂದು ನನ್ನ ಅಂಗೈಯ ಲಿಂಗಕ್ಕೆ ಕೈ ಹಾಕುತ್ತದೆ, ಅದರ ಹೊಳಪಿಗೆ. ಹೊಳೆಯುವುದು ಅದಕ್ಕೆ ಕಾಣುತ್ತದೆ. ಶಿವಾ, ಅಷ್ಟು ಸಾಕು ಎನ್ನುತ್ತೇನೆ. ಆಮೇಲೆ, ಸಾಲದು, ಇನ್ನೊಂದು ಪರೀಕ್ಷೆ ಎಂದು ಸೇರಿಸುತ್ತೇನೆ.

ಮೊನ್ನೆ ತಮ್ಮ ಮತ್ತೆ ಮೆಂತ್ಯದ ಕಟ್ಟು ಕಳಿಸಿದ್ದ. ಪಡಸಾಲೆಯಲ್ಲಿ ಹರಡಿಕೊಂಡು ಸೋಸುತ್ತಿದ್ದೆ. ಮಗಳು ಎದುರು ಕೂತು, ನಾನು ಬೇಡವೆಂದರೂ ಕೇಳದೆ, ತೊಳೆದಿಟ್ಟದ್ದರಲ್ಲಿ ಒಂದು ಹಿಡಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು. ಕೂಸು ಯಾವಾಗ ಬಂತೋ, ತೊಳೆಯದ ರಾಶಿಯಿಂದ ಒಂದು ಎಸಳು ಎಳೆದು, ಬೇರಿನ ಮಣ್ಣಿನ ಸಮೇತ ಬಾಯಿಯ ಹತ್ತಿರ ಒಯ್ದಿತ್ತು. ನಾನು ಒದರಿ ಹಾರಿ ಬಿದ್ದೆ. ಕೈ ಬಿಡಿಸಿ ಎಸಳು ಕಿತ್ತುಕೊಂಡೆ, ಬಾಯೊಳಗೆ ಬೆರಳು ಹಾಕಿ ನೋಡಿದೆ. ಏನೂ ಇರಲಿಲ್ಲ, ಎರಡು ಹೊಸ ಹಲ್ಲು ಬಿಟ್ಟರೆ. ಕೂಸು ಸಿಟ್ಟಿಗೆದ್ದು ನನ್ನ ಬೆರಳು ಕಚ್ಚಿತು.

"ಅವ್ವಾ, ಅಂಜಿಸಬ್ಯಾಡ ಆಕಿನ್ನ," ಎಂದಳು ಮಗಳು. ಹಾಗೆ ಹೇಳಿದವಳೇ ಎದ್ದು, ಕೂಸನ್ನು ಟೊಂಕದ ಮೇಲೆ ಹೊತ್ತುಕೊಂಡು ಬಚ್ಚಲಿಗೆ ಹೋಗಿ, ಅದರ ಕೈಗಳನ್ನು ಸೋಪು ಹಚ್ಚಿ ಬಹಳ ಹೊತ್ತು ತೊಳೆದಳು.